ಬೆಟ್ಟದ ಪಾಲಿನ ಎಲೆ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮುಂಬಯಿಯ ಸಯನ್‌ನ ಒಂದು ಪ್ರಯೋಗಾಲಯದಲ್ಲಿ ಮಣ್ಣಿನ ರಸಾಯನಶಾಸ್ತ್ರಜ್ಞನಾಗಿದ್ದೆ. ಜೋಗೇಶ್ವರಿಯ ಆಚೆಗಿನ ಬೆಟ್ಟದ ಕಾಡಿನಲ್ಲಿ ಜನ ಒಲೆಗೆಂದು ತರಗೆಲೆ ಗುಡಿಸಿ ಒಯ್ಯುತ್ತಿದ್ದರು. ಅದನ್ನು ನಿಷೇಧಿಸಬೇಕೇ ಎಂದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ, ಬೆಳಗಿನ ಮಂಜಿನಲ್ಲಿ ಬೆಟ್ಟ ಹತ್ತುತ್ತಿದ್ದೆ. ಮರದ ಕೆಳಗೆ ಗೂಟಗಳಿಗೆ ನೈಲಾನ್ ಬಲೆ ಕಟ್ಟಿ, ಅದರಲ್ಲಿ ಬಿದ್ದ ಎಲೆಯನ್ನು ಒಣಗಿಸಿ ತೂಗುವುದು; ನಮ್ಮ ಪ್ರಯೋಗಾಲಯದವರು ಲಿಟರ್ ಟ್ರ್ಯಾಪ್ ಎನ್ನುವ ಎಲೆಬಲೆ ಎಂದರೆ ಇಷ್ಟೇ. ಇಳಿಜಾರಿನ ಮಣ್ಣು ತೆಳು, ಮಳೆಗೆ ಅದರ ಸಾರವೆಲ್ಲ ತೊಳೆದುಹೋಗುತ್ತದೆ. ಉದುರಿದ ಎಲೆ ಕೊಳೆತರೆ ಸಾರಜನಕ, ರಂಜಕ ಮತ್ತೆ ಬೇರಿಗೆ ಸೇರುತ್ತವೆ, ಒಂದಿಷ್ಟು ಇಂಗಾಲ ಮಣ್ಣಿನಲ್ಲೇ ಉಳಿಯುತ್ತದೆ. ಎಲೆಗಳು ಅವಸರವಿಲ್ಲದೆ ತೇಲಿ ಇಳಿಯುವುದನ್ನು ನೋಡುತ್ತ ಕೂತರೆ ಮುಂಬಯಿ ಎಂಬ ಊರೇ ಮರೆತುಹೋಗುತ್ತಿತ್ತು. ಸಂಬಳ ಕೊಟ್ಟು ಕನಸು ಕಾಣಿಸುವ ನೌಕರಿ ಎಷ್ಟು ಜನರಿಗಿದೆ!

ಆದರೆ ಒಂದು ಬಲೆಯ ಲೆಕ್ಕ ಹಾದಿ ತಪ್ಪಿತು. ಸಾಗವಾನಿಯ ಕೆಳಗಿನ ಬಲೆಯಲ್ಲಿ ಮುತ್ತುಗದ ಎಲೆ! ಹತ್ತಿರದಲ್ಲೆಲ್ಲೂ ಮುತ್ತುಗದ ಮರವಿರಲಿಲ್ಲ. ಮರುದಿನ ಮರೆಯಲ್ಲಿ ಕಾದೆ. ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು, ಬಲೆ ಇಣುಕಿ ಲೊಚಗುಟ್ಟಿ, ತನ್ನ ಬುಟ್ಟಿಯಿಂದ ಎರಡು ಬೊಗಸೆ ಎಲೆ ಅದಕ್ಕೆ ಹಾಕಿದಳು. ವಿಜಾಪುರದ ಕಡೆಯ ಶಾಂತವ್ವ, ಕಟ್ಟಡದ ಕೆಲಸದವಳು ಎಂದು ಆಮೇಲೆ ತಿಳಿಯಿತು.

ಅಚ್ಚರಿಯಲ್ಲಿ ಕನ್ನಡವೇ ಬಾಯಿಗೆ ಬಂತು: "ಏನವ್ವಾ ಇದು?"

"ಯವ್ವಾ, ಕನ್ನಡದವ್ರೇನ್ರೀ! ದಿನಾ ನೋಡ್ತೀನಿ, ಇಷ್ಟ್ ಸಣ್ಣ ಬಲಿ ಕಟ್ಕೊಂಡು ಕುಂತಿರ್ತೀರಿ. ಇದ್ರಾಗ ನಿಮ್ಮ ಒಲಿ ಯಾವಾಗ ಉರೀಬೇಕು, ಮಕ್ಕಳು ಯಾವಾಗ ಉಣ್ಣಬೇಕು?"

ನಗು ಬಂತು. ಆದರೆ ಅವಳ ಒಲೆ ಆರಿಸಬಹುದಾದ ವರದಿಗೇ ಅವಳು ಎಲೆ ಹಾಕುತ್ತಿದ್ದಳು. ಮುಚ್ಚಿಡಲಾರದೆ ಎಲ್ಲ ಹೇಳಿದೆ: ಈ ಎಲೆಯೇ ಬೆಟ್ಟದ ಊಟ, ಪೂರ್ತಿ ಒಯ್ದರೆ ಕಾಡು ಸೊರಗುತ್ತದೆ, ನಿಷೇಧವೂ ಬರಬಹುದು.

ಶಾಂತವ್ವ ತಲೆಯೆತ್ತಿ ಮರ ನೋಡಿದಳು. "ಹಂಗಾರ ಇದೂ ಉಣ್ಣಬೇಕಲ್ರೀ," ಎಂದು ಅರ್ಧ ಬುಟ್ಟಿ ಬುಡಕ್ಕೆ ಸುರಿದಳು. "ಉಳಿದರ್ಧ ನಮಗ ಬಿಡ್ರಿ ಅಂತ ಬರೀರಿ."

ಹಾಗೆಯೇ ಬರೆದೆ: ಪ್ರತಿ ವರ್ಷ ಅರ್ಧ ಇಳಿಜಾರಿನ ಎಲೆ ಬೆಟ್ಟಕ್ಕೆ, ಉಳಿದರ್ಧದ್ದು ಒಲೆಗೆ, ಮರುವರ್ಷ ಅದಲುಬದಲು. ಪೂರ್ತಿ ನಿಷೇಧವೇ ಬೇಕೆಂದು ಮೇಲಧಿಕಾರಿ ಕೆಂಡಕಾರಿದರು, ನಾನು ಜಗ್ಗಲಿಲ್ಲ. ಕೊನೆಗೆ ಒಪ್ಪಿದರು.

ಎಲೆ ತೂಗುವುದನ್ನು ಕಾಲೇಜು ಕಲಿಸಿತ್ತು. ವರದಿಯೊಂದು ಯಾರ ಒಲೆಗೆ ತಗಲುತ್ತದೆ ಎಂದು ಮೊದಲು ಕೇಳುವುದನ್ನು ಆ ಬೆಟ್ಟ ಕಲಿಸಿತು. ಮುಂದಿನ ಚಳಿಗಾಲ ಬಂದಾಗ, ಮುಟ್ಟದೆ ಬಿಟ್ಟ ಇಳಿಜಾರಿನಲ್ಲಿ ಎಲೆ ಪಾದ ಮುಳುಗುವಷ್ಟಿತ್ತು. ಶಾಂತವ್ವ ಎದುರಾದವಳೇ ಕೇಳಿದ್ದು ಬೆಟ್ಟದ ಸುದ್ದಿಯಲ್ಲ.

"ನಮ್ಮ ಸಲುವಾಗಿ ಸಾಹೇಬ್ರ ಜೋಡಿ ಜಗಳ ಮಾಡಿದ್ರಂತ. ನಿಮ್ಮ ಒಲಿ ಉರೀತೈತಿಲ್ರೀ?"