ಆಸರೆಯಿಲ್ಲದೆ ಹೊಡೆದ ಗುಂಡು

ಈಶಾನ್ಯದ ಕೊನ್ಯಾಕ್ ಬುಡಕಟ್ಟಿನವರ ಬೆಟ್ಟದೂರಿನ ಕಮ್ಮಾರ ಮನ್‌ಪಾಂಗ್, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗಳನ್ನು ಮಾಡುವುದರಲ್ಲಿ ಎತ್ತಿದ ಕೈ. ಬೇಟೆಗೆ ಹೋದರೆ ಮಾತ್ರ ಆ ಕೈ ನಡುಗುತ್ತಿತ್ತು. ಕೊಂಬೆಯ ಮೇಲೆ ನಳಿಗೆ ಇಡದೆ ಅವನು ಗುಂಡು ಹೊಡೆದದ್ದೇ ಇಲ್ಲ.

“ಭಾವ, ನಿಂಗೊಂದು ಮರ ಹೊತ್ಕೊಂಡು ಬರ್ಲಾ?” ಎಂದು ಹೆಂಡತಿಯ ತಮ್ಮ ನೋಕ್‌ಲೆಮ್ ಗೇಲಿ ಮಾಡುತ್ತಿದ್ದ.

ಆ ಬೆಳಿಗ್ಗೆ ಕಾಡು ಕಡಿದು ಸುಟ್ಟು ಮಾಡಿದ ಕುಮರಿ ಹೊಲದ ಕೆಸವಿನೊಳಗಿಂದ ಎದ್ದ ಕರಡಿ ನೋಕ್‌ಲೆಮ್‌ನನ್ನು ಕೆಡವಿ ಮೇಲೇರಿತು. ಕೋವಿ ಆನಿಸಲು ಹತ್ತಿರದಲ್ಲಿ ಒಂದು ಗೂಟವೂ ಇರಲಿಲ್ಲ. ಮನ್‌ಪಾಂಗ್ ನಿಂತಲ್ಲೇ ಗುರಿ ಹಿಡಿದ. ನಳಿಗೆಯ ತುದಿ ಒಮ್ಮೆ ಕರಡಿಯ ಭುಜಕ್ಕೆ, ಒಮ್ಮೆ ನೋಕ್‌ಲೆಮ್‌ನ ತಲೆಗೆ ತೂಗಾಡಿತು.

“ಬಿಟ್ಟು ಹೋಗ್ಬೇಡ, ಭಾವ.”

ಮೊಣಕೈಯನ್ನು ಪಕ್ಕೆಗೊತ್ತಿ, ಅರ್ಧ ಉಸಿರು ಬಿಟ್ಟು, ತುದಿ ಭುಜದತ್ತ ಮರಳುವಾಗ ಕೋವಿಯ ಕುದುರೆ ಎಳೆದ. ಮದ್ದಿಗೆ ಕಿಡಿ ಕೊಡುವ ಕೇಪು ಚಟ್ಟೆಂದಿತು, ಗುಂಡು ಹಾರಲಿಲ್ಲ. ಇಬ್ಬನಿಗೆ ಮದ್ದು ತೇವ ಹಿಡಿದಿತ್ತು. ಕೋವಿ ಎಸೆದು ಓಡಬೇಕೆನ್ನಿಸಿತು. ಒಳಗೆ ಮದ್ದು ನಿಧಾನವಾಗಿ ಉರಿಯುತ್ತ ಸುಯ್ಯೆನ್ನುವುದು ಕೇಳಿ, ಇನ್ನೂ ಸಿಡಿಯಬಹುದೆಂದು, ಅಳುತ್ತಲೇ, ಅಲುಗಾಡದೆ ಹಿಡಿದು ನಿಂತ. ಆಗ ಸಿಡಿಯಿತು.

ಹೊಗೆ ಚದುರಿದಾಗ ಕರಡಿ ಪಕ್ಕಕ್ಕೆ ಉರುಳಿ ಬಿದ್ದಿತ್ತು. ಕಿವಿ ಹರಿದಿದ್ದ ನೋಕ್‌ಲೆಮ್ ತಾನೇ ಎದ್ದು ಬಂದು ಅವನ ಬಿಗಿಮುಷ್ಟಿಯಿಂದ ಕೋವಿ ಬಿಡಿಸಬೇಕಾಯಿತು.

“ಸಾಕು ಭಾವ, ಸತ್ತಿದೆ ಅದು.”

ಮನ್‌ಪಾಂಗ್‌ನ ಬೆರಳುಗಳು ಸಂಜೆಯವರೆಗೂ ನೆಟ್ಟಗಾಗಲಿಲ್ಲ.