ಆರೋಗ್ಯವಂತ ನಾಯಿಯ ಸೀಸೆ

ಏಳಬಾರದ ಗೆರೆ ಎದ್ದಿತ್ತು.

ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಲ್ಯಾಬಿನಲ್ಲಿ ಸೌಟಕ್ಕ ಕನ್ನಡಕ ತೆಗೆದು, ಬಿಳಿ ಕೋಟಿನ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಕಂಪ್ಯೂಟರಿನ ಪರದೆ ನೋಡಿದಳು. ಗೆರೆ ಅಲ್ಲೇ ಇತ್ತು. ಅವತ್ತು ಯಂತ್ರದೊಳಗೆ ಇಟ್ಟಿದ್ದು ಆರು ನಾಯಿಗಳ ಮೂತ್ರ. ಐದು ರೋಗಿಗಳದು, ಆರನೆಯದು ಯಾವ ಕಾಯಿಲೆಯೂ ಇಲ್ಲದ ನಾಯಿಯದು. ರೋಗಿಗಳ ಐದೂ ಗೆರೆಗಳು ನೆಲಕ್ಕಂಟಿ ಮಲಗಿದ್ದವು. ಆರನೆಯದು ಮಾತ್ರ, ಮಲಗಿದ್ದವರ ನಡುವೆ ಒಬ್ಬರು ಧಡಕ್ಕನೆ ಎದ್ದು ಕೂತಂತೆ, ತಲೆಯೆತ್ತಿತ್ತು.

ಅವಳ ಕೆಲಸವೇ ಈ ಗೆರೆಗಳನ್ನು ಓದುವುದು. ನಾಯಿಯ ಮೂತ್ರಕೋಶದಲ್ಲಿ ಕ್ಯಾನ್ಸರ್ ಬೇರೂರಿದರೆ, ಅದರ ಕೆಲವು ಜೀವಕಣಗಳು ಉದುರಿ ಮೂತ್ರದ ಜೊತೆ ಹೊರಬೀಳುತ್ತವೆ. ಬಹುಪಾಲು ನಾಯಿಗಳಲ್ಲಿ ಆ ಕಣಗಳ ಒಂದು ಜೀನ್ ಕೆಟ್ಟಿರುತ್ತದೆ. ಆ ಗುರುತು ಸಿಕ್ಕರೆ ಗೆರೆ ಏಳುತ್ತದೆ. ಯಂತ್ರ ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಪ್ರತಿ ಸಲವೂ ಆರೋಗ್ಯವಂತ ನಾಯಿಯೊಂದರ ಮೂತ್ರವನ್ನೂ ಜೊತೆಗೆ ಇಡುತ್ತಾರೆ. ಅದಕ್ಕೆ ಲ್ಯಾಬಿನವರು ಕಂಟ್ರೋಲ್ ಅನ್ನುತ್ತಾರೆ. ಅದರ ಗೆರೆ ಮಲಗಿದ್ದರೆ ಉಳಿದವನ್ನು ನಂಬಬಹುದು.

ಹತ್ತು ವರ್ಷದಿಂದ ಆ ಆರೋಗ್ಯವಂತ ನಾಯಿ ಸೌಟಕ್ಕನ ಮನೆಯದೇ. ಹೆಸರು ಗುಂಡಿ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಮರಿಯಾಗಿದ್ದಾಗ ಅದು ಗಿರಾಕಿಯೊಬ್ಬರ ಕೋಟಿನ ಗುಂಡಿಯನ್ನು ನುಂಗಿ, ಗಂಡ ಹೆಂಡತಿ ಇಬ್ಬರನ್ನೂ ಮೂರು ದಿನ ಅದರ ಹಿಂದೆಯೇ ಅಲೆಸಿತ್ತು. ಗುಂಡಿ ಹೊರಬಂತು, ಹೆಸರು ಉಳಿಯಿತು.

ಸೌಟಕ್ಕ ಎಂಬ ಹೆಸರು ಬೀದಿಯವರದು. ವಾರಕ್ಕೊಂದು ಬೆಳಿಗ್ಗೆ ಅವಳು ಉದ್ದ ಹಿಡಿಯ ಸೌಟು ಹಿಡಿದು ನಾಯಿಯ ಹಿಂದೆ ನಡೆಯುತ್ತಿದ್ದಳು. ಗುಂಡಿ ಮೂತ್ರಕ್ಕೆ ಕೂರುತ್ತಲೇ ಮೈಗೆ ತಾಗದ ಹಾಗೆ ಸೌಟು ಒಡ್ಡಬೇಕು. ಮೊದಮೊದಲು ಅದು ಅವಮಾನವಾದಂತೆ ಎದ್ದು ಹೋಗಿಬಿಡುತ್ತಿತ್ತು. ಆಮೇಲೆ ಒಗ್ಗಿಕೊಂಡು, ಮುಖ ಆಚೆ ತಿರುಗಿಸಿ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಕೂರುವುದನ್ನು ಕಲಿತಿತ್ತು.

ಮೂಲೆಯ ಬೇಕರಿಯವನಿಗೆ ಅದೊಂದು ತಮಾಷೆ. “ಸೌಟಕ್ಕ, ಇವತ್ತು ಎಷ್ಟು ಸೌಟು?”

“ನಿಮ್ಮ ಚಹಾಕ್ಕಿಂತ ಗಟ್ಟಿಯಾಗಿದೆ. ಕೊಡ್ಲಾ ಒಂದು ಲೋಟ?”

ಆರು ವಾರದ ಹಿಂದೆ ಈ ಕಂಟ್ರೋಲ್ ಗೆರೆ ಮೊದಲ ಸಲ ಅಲುಗಿತ್ತು. ಸೌಟಕ್ಕ ರಿಜಿಸ್ಟರಿನಲ್ಲಿ ‘ಟೆಸ್ಟ್ ಕಿಟ್ ದೋಷ’ ಎಂದು ಬರೆದು, ಫ್ರೀಜರಿನಲ್ಲಿದ್ದ ಗುಂಡಿಯ ಹಳೆಯ ಸೀಸೆ ತೆಗೆದು ಪರೀಕ್ಷೆ ಮಾಡಿದಳು. ಗೆರೆ ಮಲಗಿತು. ಮರುವಾರ ಮತ್ತೆ ಎದ್ದಾಗ, ಸೌಟು ಸರಿಯಾಗಿ ತೊಳೆದಿಲ್ಲವೆಂದು ತನ್ನನ್ನೇ ಬೈದುಕೊಂಡು ಹೊಸ ಸೌಟು ತಂದಳು. ಹೊಸ ಕಿಟ್‌ಗೆ ಆರ್ಡರ್ ಕೊಟ್ಟಳು. ಅದು ಬರುವ ತನಕ ಹಳೆಯ ಸೀಸೆಗಳಲ್ಲೇ ಕೆಲಸ ಸಾಗಿಸಿದಳು. ಈಗ ಅವು ಮುಗಿದಿದ್ದವು. ಇವತ್ತಿನದು ತಾಜಾ ಮೂತ್ರ, ಹೊಸ ಸೌಟು, ಹೊಸ ಕಿಟ್. ಬೆಳಿಗ್ಗೆಯಿಂದ ಎರಡು ಸಲ ಮಾಡಿಯಾಗಿತ್ತು. ಬೈಯುವುದಕ್ಕೆ ಇನ್ನು ಯಾವ ವಸ್ತುವೂ ಉಳಿದಿರಲಿಲ್ಲ.

ಡಾಕ್ಟರಮ್ಮ ಬಾಗಿಲಲ್ಲಿ ತಲೆಹಾಕಿದರು. “ಏನಮ್ಮ, ರಿಪೋರ್ಟ್ ಆಯ್ತಾ?”

“ಕಂಟ್ರೋಲ್ ಕೆಟ್ಟಿದೆ ಡಾಕ್ಟ್ರೇ.”

“ಮತ್ತೆನಾ? ಯಾವ ನಾಯಿದು ಅದು?”

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಸೀಸೆಯ ಮೇಲೂ ರಿಜಿಸ್ಟರಿನಲ್ಲೂ ಅವಳು ಬರೆಯುತ್ತಿದ್ದುದು ‘ಆರೋಗ್ಯವಂತ ನಾಯಿ’ ಎಂದಷ್ಟೇ. “ನಮ್ಮನೇದು” ಎಂದಳು.

ಡಾಕ್ಟರಮ್ಮ ಕುರ್ಚಿ ಎಳೆದರು. ತಾವು ಕೂರದೆ ಅದನ್ನು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ತಳ್ಳಿದರು. “ವಯಸ್ಸೆಷ್ಟು?”

“ಹನ್ನೊಂದು.”

“ರಕ್ತ ಏನಾದ್ರೂ ಕಂಡಿತ್ತಾ?”

“ಇಲ್ಲ. ಸ್ವಲ್ಪ ಜಾಸ್ತಿ ಸಲ ಕೂರ್ತಾಳೆ ಈಗೀಗ.” ಸೌಟಕ್ಕ ತನ್ನ ಕೈಗಳನ್ನು ನೋಡಿಕೊಂಡಳು. “ಹಿಡಿಯೋಕೆ ಸುಲಭ ಆಯ್ತು ಅಂತ ನಾನು ಖುಷಿಪಟ್ಟೆ ಡಾಕ್ಟ್ರೇ.”

ಅವಳು ಮನೆಗೆ ಬಂದಾಗ ಗಂಡ ಪ್ಯಾಂಟೊಂದರ ಅಂಚು ಹೊಲಿಯುತ್ತಿದ್ದ. ಗುಂಡಿ ಎಂದಿನಂತೆ ಹೊಲಿಗೆ ಯಂತ್ರದ ಕೆಳಗೆ, ಅವನ ಪಾದದ ಪಕ್ಕದಲ್ಲಿ ಬಟ್ಟೆ ಚೂರುಗಳ ಮೇಲೆ ಮಲಗಿತ್ತು.

“ಏನೇ ಇಷ್ಟು ಬೇಗ?”

ಅವಳು ನಿಂತಲ್ಲೇ ಹೇಳಿದಳು. ಅವನ ಕಾಲು ನಿಂತಿತು, ಯಂತ್ರವೂ ನಿಂತಿತು.

“ಹೋಗೇ. ಬೆಳಿಗ್ಗೆ ತಾನೆ ನನ್ನ ಅಳತೆ ಟೇಪು ಕಚ್ಕೊಂಡು ಓಡಿದ್ಳು. ಅವಳು ಆರೋಗ್ಯವಂತ ನಾಯಿ ಅಲ್ವೇನೆ? ನೀನೇ ಬರೀತಿದ್ದೆ ತಾನೆ?”

“ಬರೀತಿದ್ದೆ ರೀ. ನಾನೇ ಬರೀತಿದ್ದೆ.”

ಸಂಜೆ ಸ್ಕ್ಯಾನ್ ಆಯಿತು. ಹೊಟ್ಟೆಯ ಕೂದಲು ಬೋಳಿಸಿದ್ದನ್ನು ಗುಂಡಿ ಮೂಸಿ ನೋಡಿ, ಸೌಟು ಕಂಡಾಗ ಮಾಡುವ ಹಾಗೆ ಮುಖ ಆಚೆ ತಿರುಗಿಸಿತು. ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟರು. ಮೂತ್ರಕೋಶದ ಒಳಗೋಡೆಗೆ ಒಂದು ಗಂಟು ಅಂಟಿಕೊಂಡಿತ್ತು.

“ಎಷ್ಟು ದೊಡ್ಡದು?” ಗಂಡ ಕೇಳಿದ. “ಕೋಟಿನ ಗುಂಡಿ ಅಷ್ಟಾ, ಅಂಗೀದಾ?”

ಡಾಕ್ಟರಮ್ಮ ಅವನ ಮುಖ ನೋಡಿದರು. ಅವನು ತಮಾಷೆ ಮಾಡುತ್ತಿರಲಿಲ್ಲ. “ಅಂಗೀದು. ಅದಕ್ಕಿಂತ ಚಿಕ್ಕದು. ಗುಣ ಆಗುತ್ತೆ ಅಂತ ಹೇಳಲ್ಲಪ್ಪ. ಮಾತ್ರೆ ಕೊಟ್ಟು ಹಿಡಿದಿಡಬಹುದು, ಎಷ್ಟು ದಿನ ಆಗುತ್ತೋ ಅಷ್ಟು. ಬೇರೆಯವರು ರಕ್ತ ಕಂಡ ಮೇಲೆ ಓಡಿ ಬರ್ತಾರೆ. ಅವರಿಗೆ ಇಷ್ಟು ಸಮಯವೂ ಸಿಗಲ್ಲ.”

“ಆರು ವಾರ ನಾನೇ ತಿಂದೆ” ಎಂದಳು ಸೌಟಕ್ಕ.

“ತಿಂದೆ. ಉಳಿದಿದ್ದನ್ನಾದ್ರೂ ನೋಡ್ಕೋ.” ಡಾಕ್ಟರಮ್ಮ ಕೈಗವಸು ಕಳಚಿ ನಾಯಿಯ ಕಿವಿ ಸವರಿದರು.

ಮರುದಿನ ಬೆಳಿಗ್ಗೆ ಅವಳು ಒಂದು ಕೈಯಲ್ಲಿ ಗುಂಡಿಯ ಹಗ್ಗ, ಇನ್ನೊಂದರಲ್ಲಿ ಸೌಟು ಹಿಡಿದು ಹೊರಟಳು. ಬೇಕರಿಯವನು ಎಂದಿನಂತೆ ಬಾಯಿ ತೆರೆದ. ಅವಳ ಮುಖ ಕಂಡು ತಮಾಷೆ ಬಿಟ್ಟು, “ಏನಾಯ್ತಕ್ಕ?” ಎಂದ. ಅವಳು ಎರಡೇ ಮಾತಿನಲ್ಲಿ ವಿಷಯ ಹೇಳಿ, ಅಂಗಡಿಯ ಮೆಟ್ಟಿಲ ಮೇಲೆ ಮಲಗಿದ್ದ ಅವನ ಬಿಳಿ ನಾಯಿಯತ್ತ ಸೌಟು ತೋರಿಸಿದಳು.

“ಇನ್ಮೇಲೆ ಇವನದು ಬೇಕು. ವಾರಕ್ಕೊಂದು ಸಲ. ಕೊಡ್ತೀರಾ?”

ಬೇಕರಿಯವನು ಹಿಟ್ಟಿನ ಕೈ ಒರೆಸಿಕೊಂಡು ಹೊರಬಂದು ನಾಯಿಯನ್ನು ಎಬ್ಬಿಸಿದ. “ತಗೊಳಿ ಅಕ್ಕ. ಎಷ್ಟು ಸಲ ಬೇಕಾದ್ರೂ ತಗೊಳಿ.”

ಅದು ಕಂಬದ ಬುಡದಲ್ಲಿ ಕಾಲೆತ್ತಿತು. ಸೌಟಿಗೆ ಬೇಕಾದಷ್ಟು ಬಿತ್ತು. ಸೌಟಕ್ಕ ಸೀಸೆಗೆ ಸುರಿದು, ಮುಚ್ಚಳ ಬಿಗಿದು, ಪೆನ್ನು ತೆಗೆದು ಚೀಟಿಯ ಮೇಲೆ ‘ಆರೋ’ ಎಂದು ಬರೆದಳು. ಅಲ್ಲಿಗೇ ಕೈ ನಿಂತಿತು. ಆ ಎರಡಕ್ಷರವನ್ನು ಗೀಚಿ ಹಾಕಿದಳು.

“ಇವನ ಹೆಸರೇನು?” ಹತ್ತು ವರ್ಷ ಈ ಅಂಗಡಿಯ ಎದುರಿಗೇ ಓಡಾಡಿದರೂ ಅವಳು ಅದನ್ನು ಕೇಳಿರಲಿಲ್ಲ.

ಅವನು ಹೇಳಿದ. ಅವಳು ಬರೆದುಕೊಂಡಳು. ಅಷ್ಟರಲ್ಲಿ ಕೈಯಲ್ಲಿದ್ದ ಹಗ್ಗ ಬಿಗಿಯಾಯಿತು. ಗುಂಡಿ ಮತ್ತೆ ಕೂತಿತ್ತು, ಬೀದಿಗೆ ಬಂದಮೇಲೆ ಇದು ನಾಲ್ಕನೇ ಸಲ. ಸೌಟಕ್ಕ ಸೌಟು ಒಡ್ಡಲಿಲ್ಲ. ಅದು ಎದ್ದು ನಿಲ್ಲುವವರೆಗೂ, ಅದಕ್ಕೆ ಬೇಕಾದಷ್ಟು ಹೊತ್ತು, ಪಕ್ಕದಲ್ಲೇ ನಿಂತು ಕಾದಳು.