ದಾರ್ಸೊನೊ ಅಜ್ಜನ ದರ್ಬಾರು

ಜಾವಾದ ಅರಮನೆಯೊಂದರಲ್ಲಿ ನಲವತ್ತು ವರ್ಷ ಊಳಿಗ ಮಾಡಿದ ದಾರ್ಸೊನೊ ಅಜ್ಜನಿಗೆ ಮೊಮ್ಮಗಳು ಲಾರಸ್ ಹಳೇ ರಾಜರ ಕಾಲದ ವಿಡಿಯೊ ಗೇಮ್ ಹಾಕಿಕೊಟ್ಟಳು. ಅಜ್ಜನ ಸೈನಿಕ ಕಾಡು ದಾಟಿ ಕೋಟೆ ಹತ್ತುತ್ತಿದ್ದ. ದರ್ಬಾರಿಗೆ ಹೋದರೆ ಮಾತ್ರ ಸಿಂಹಾಸನದ ಮುಂದೆ ನೆಲದೊಳಗೆ ಹೂತುಹೋಗುತ್ತಿದ್ದ. ಮತ್ತೆ ಕಾಡಿನಿಂದಲೇ ಶುರು. ಆರನೇ ಸಲವೂ ಹಾಗೇ ಆಯಿತು.

“ಥೂ! ಇದನ್ನ ಮಾಡಿದೋನ ಮನೆ ಹಾಳಾಗ!” ಎಂದ ಅಜ್ಜ.

“ನೀವು ಸೈನಿಕನ್ನ ಕುಕ್ಕರಗಾಲಲ್ಲಿ ನಡೆಸ್ತೀರಲ್ಲ ಅಜ್ಜ, ಈ ಗೇಮಲ್ಲಿ ಅದಕ್ಕೇ ಹೂತುಹೋಗೋದು. ಎದ್ದು ನಡೀರಿ.”

“ರಾಜರ ಮುಂದೆ ಎದ್ದು ನಡೀಲಾ? ಅರಮನೇಲಿ ಕುಕ್ಕರಗಾಲಲ್ಲೇ ಹೋಗೀ ಹೋಗೀ ಮೊಣಕಾಲು ಸವೆಸಿದೋನು ಕಣೇ ನಾನು!”

ಕೊನೆಗೆ ಹಲ್ಲು ಕಚ್ಚಿ ಸೈನಿಕನನ್ನು ನೆಟ್ಟಗೆ ನಡೆಸಿದ. ನೆಲ ಗಟ್ಟಿಯಾಗಿಯೇ ಇತ್ತು. ರಾಜ ಚಿನ್ನದ ಕಠಾರಿ ಕೊಟ್ಟ.

ಅಜ್ಜ ಟಿವಿ ಆರಿಸಿದ.

“ಅರಮನೇಲೂ ನಾನು ಹಿಂಗೇ ಹೂತುಹೋಗಿದ್ದೆ. ನಲವತ್ತು ವರ್ಷ ಒಬ್ರೂ ನಂಗೆ ‘ಎದ್ದು ನಡಿ’ ಅನ್ಲಿಲ್ಲ.”